ಗಂಟು ಬಿಚ್ಚುವ ಶಾಟ್

"ಗಂಟು ಹಾಕುವುದನ್ನು ತೋರಿಸಿದ್ರೆ ಬಿಚ್ಚುವುದನ್ನೂ ತೋರಿಸ್ಬೇಕು ಸರ್. ನೋಡುವ ಕಣ್ಣಿಗೂ ಬಲ ಉಂಟು."

ಸಂಕಪ್ಪ ಹೇಳಿದ್ದು ಇಷ್ಟೇ. ಮೂವತ್ತು ವರ್ಷಗಳ ಹಿಂದೆ ಜನ ಬಾಗಿಲು ಹಾಕಿಕೊಂಡು ನೋಡುತ್ತಿದ್ದ ಮಾಟದ ಧಾರಾವಾಹಿಗೆ ಬೊಂಬೆ ಮಾಡಿಕೊಟ್ಟ ಮುದುಕ ಅವನು. ಆಗ ಪ್ರತಿ ಕಂತಿನ ಕೊನೆಯಲ್ಲಿ, ಹೆಸರುಗಳ ಹಿಂದೆ, ಗಂಟು ಬಿಚ್ಚುವ ಎರಡು ಕೈಗಳು ಕಾಣುತ್ತಿದ್ದವು. ಅದೇ ಧಾರಾವಾಹಿಯ ನಾಲ್ಕು ಕತೆಗಳನ್ನು ಪೋಣಿಸಿ ಶಿಶಿರ್ ತನ್ನ ಮೊದಲ ಸಿನಿಮಾ ಮಾಡುತ್ತಿದ್ದ. ಮೂಡುಬಿದಿರೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಬುದ್ಧಿವಂತ. ಬುದ್ಧಿವಂತರಿಗೆ ಕಿವಿ ಸ್ವಲ್ಪ ಮಂದ ನೋಡಿ.

ಫರಂಗಿಪೇಟೆಯ ಹತ್ತಿರ ಮುಚ್ಚಿಹೋದ ಹಂಚಿನ ಕಾರ್ಖಾನೆ. ಹಸಿ ಜೇಡಿಮಣ್ಣಿನ ವಾಸನೆ, ಬಾವಲಿ ಹಿಕ್ಕೆಯ ಘಾಟು, ಹಗಲಲ್ಲೂ ಕತ್ತಲೆ. ನಾಯಕಿ ಅವನ ತಂಗಿ ಸುರಕ್ಷಾ. ನೈಜವಾಗಿರಲೆಂದು ಬೊಂಬೆಯ ತಲೆಗೆ ಅವಳದೇ ಕೂದಲು ಅಂಟಿಸಿ, ಕುತ್ತಿಗೆಗೆ ಕಪ್ಪು ದಾರದ ಏಳು ಗಂಟು ಹಾಕಿಸಿ ಚಿತ್ರೀಕರಿಸಿದ. ಮುದುಕನ ಸಮಾಧಾನಕ್ಕೆ ಬಿಚ್ಚುವ ಶಾಟೂ ಆಯಿತು. ಶಿಶಿರ್ ಗಂಭೀರವಾಗಿ ಆ್ಯಕ್ಷನ್ ಎಂದ, ಕಟ್ ಎಂದ. ಕ್ಯಾಮೆರಾ ಓಡಿರಲೇ ಇಲ್ಲ. ಛಾಯಾಗ್ರಾಹಕ ಶೋಧನ್‌ಗೆ ಕಣ್ಣು ಹೊಡೆದು ನಕ್ಕ. ಮುದುಕ ಆಚೆ ಹೋದೊಡನೆ, ನಾಳೆಯ ಶಾಟಿಗೆಂದು ಏಳು ಗಂಟುಗಳೂ ಮತ್ತೆ ಬಿದ್ದವು. ಉಪ್ಪು ತಿಂದವ ನೀರು ಕುಡಿಯಲೇಬೇಕು. ಇಲ್ಲಿ ತಿಂದವ ಅಣ್ಣ, ಗಂಟಲು ತಂಗಿಯದು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಟೀಸರ್ ಹೊರಬಿತ್ತು. ಏಳನೇ ಗಂಟಿಗೆ ಅದು ಮುಗಿಯುತ್ತಿತ್ತು. ಕಾರ್ಖಾನೆಯ ಬಾಗಿಲಲ್ಲಿ ಕೂತು ನೀರುದೋಸೆ ತಿನ್ನುತ್ತಿದ್ದ ಸುರಕ್ಷಾ ಕುತ್ತಿಗೆ ಹಿಡಿದುಕೊಂಡಳು.

"ಅಣ್ಣಾ, ಉಸಿರು..."

ತುತ್ತು ಸಿಕ್ಕಿಕೊಂಡಿತೆಂದು ಬೆನ್ನು ತಟ್ಟಿದರು. ಶಿಶಿರ್ ಅವಳ ಕೈ ಸರಿಸಿದ. ಕುತ್ತಿಗೆಯ ಸುತ್ತ ದಾರದಷ್ಟು ಸಪೂರದ ಕಪ್ಪು ಗೆರೆ ಎದ್ದಿತ್ತು. ಕ್ಯಾಮೆರಾ ಓಡಿರಲಿಲ್ಲವೆಂದು ಸಂಕಪ್ಪನ ಕಾಲು ಹಿಡಿದು ಒಪ್ಪಿಕೊಂಡ. ಮುದುಕ ಬೈಯಲಿಲ್ಲ. ಬೊಂಬೆಯನ್ನು ಅವನ ಮುಂದಿಟ್ಟ.

"ಈಗ ನಿಜವಾಗಿ ತೆಗೀರಿ."

ಶೋಧನ್ ಮೊಬೈಲ್ ಹಿಡಿದ, ಶಿಶಿರ್ ಬಿಚ್ಚತೊಡಗಿದ. ಮೊದಲ ಗಂಟು. ಎರಡನೆಯದು. ಮೂರರಲ್ಲಿ ಉಗುರು ಕಿತ್ತುಹೋಯಿತು. ನಾಲ್ಕು. ಸುರಕ್ಷಾಳ ತುಟಿ ನೀಲಿಯಾಯಿತು. ಐದು. ಆರು. ಏಳನೆಯದನ್ನು ಹಲ್ಲಿನಿಂದ ಎಳೆದ. ದಾರ ಕಳಚಿತು. ಅವಳು ಉಸಿರೆಳೆದಳು. ಶಿಶಿರ್ ತಂಗಿಯನ್ನು ತಬ್ಬಿ ಗೊಳೋ ಎಂದು ಅತ್ತ.

ಒಂದೇ ನಿಮಿಷ. ಗೆರೆ ಮತ್ತೆ ಎದ್ದಿತು.

ಟೀಸರ್ ಅಳಿಸಿದರು. ಅಷ್ಟರೊಳಗೆ ಅದು ಬೆಳ್ತಂಗಡಿಯಿಂದ ದುಬೈವರೆಗೆ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು; ನೋಡುವ ಒಂದೊಂದು ಕಣ್ಣೂ ಗಂಟು ಬಿಗಿಯುತ್ತಿತ್ತು. ಶಿಶಿರ್ ಬಿಚ್ಚುವ ವಿಡಿಯೊ ಹಚ್ಚಿ ನೋಡಿದ. ಅವಳು ಉಸಿರಾಡಿದಳು. ಮುಗಿಯಿತು; ಉಸಿರು ನಿಂತಿತು. ಮತ್ತೆ ಹಚ್ಚಿದ. ಶೋಧನ್ ನೋಡಿದರೆ ಕೆಲಸಕ್ಕೆ ಬರಲಿಲ್ಲ. ಗಂಟು ಹಾಕಿಸಿದವನ ಕಣ್ಣೇ ಬೇಕೆಂದು ಸಂಕಪ್ಪ ಹೇಳಿದ.

ಮೂರನೇ ದಿನದ ಮಧ್ಯಾಹ್ನ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಶಿಶಿರ್ ಇನ್ನೂ ನೋಡುತ್ತಲೇ ಇದ್ದ. ಡಾಕ್ಟರಿಗೆ ಕಾರಣ ಸಿಕ್ಕಿರಲಿಲ್ಲ. ಶೋಧನ್ ಅವನ ಮುಖಕ್ಕೆ ನೀರು ಎರಚುತ್ತಿದ್ದ.

"ನಿದ್ದೆ ಮಾಡ್ಬೇಡ ಅಣ್ಣ," ಎಂದಳು ಸುರಕ್ಷಾ.

"ಇಲ್ಲ, ನೋಡ್ತಾ ಇದ್ದೇನೆ," ಎಂದ ಅವನು.

ಅವನ ರೆಪ್ಪೆಗಳು ಆಗಲೇ ಮುಚ್ಚಿದ್ದವು.