ಬಾದಾಮಿ ಆಗದವಳು

"ಇದು ಹಡಗು ಮೇಡಂ, ನಿಮ್ಮ ಅಜ್ಜಿ ಮನೆ ಅಲ್ಲ!"

ನಾನು ಅವಳಿಗೆ ಆಡಿದ ಮೊದಲ ಮಾತು ಇದು. ಪ್ರೀತಿಯ ಕಥೆಗೆ ಇಂಥ ಆರಂಭ ಚೆಂದವಲ್ಲ. ಏನು ಮಾಡಲಿ, ಆಡಿದ್ದು ಇದನ್ನೇ.

ಅವಳು ಡೈನಿಂಗ್ ರೂಮಿನ ಬಾಗಿಲಲ್ಲಿ ನಿಂತು ಒಂದೊಂದೇ ಬೆರಳು ಮಡಚುತ್ತಾ ಹೇಳುತ್ತಿದ್ದಳು. ಊಟಕ್ಕೆ ಸಕ್ಕರೆ ಸೋಕಿರಬಾರದು, ಎಲ್ಲವೂ ಮೆತ್ತಗೆ ಬೆಂದಿರಬೇಕು. ಎಣ್ಣೆ ಬೇಡ. ಗೋಧಿ ಬೇಡ. ಮೊಸರು ಬೇಕು, ಹುಳಿ ಇರಬಾರದು. ಸೂಪಿಗೆ ಬಟಾಣಿ ಹಾಕಬಹುದು, ಆದರೆ ಕಣ್ಣಿಗೆ ಕಾಣಬಾರದು. ಇಷ್ಟೆಲ್ಲ ಇವಳೊಬ್ಬಳ ಹೊಟ್ಟೆಗೇ ಎಂದುಕೊಂಡೆ. ನೆತ್ತಿಗೆ ಸಿಟ್ಟೇರಿತು.

ಬೈಸಿಕೊಂಡವಳು ನಕ್ಕಳು. ಕಿವಿಯ ಪಕ್ಕ ನರೆತ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಇದ್ರಲ್ಲಿ ನಂದು ಒಂದೂ ಇಲ್ಲ ಕಣ್ರಿ. ಸಕ್ಕರೆ ಆಗದೇ ಇರೋದು ಅಪ್ಪಂಗೆ. ಎಣ್ಣೆ ಬೇಡ ಅನ್ನೋದು ತಮ್ಮ. ಗೋಧಿ ಬಿಟ್ಟಿರೋದು ಅವನ ಹೆಂಡ್ತಿ, ತೂಕ ಇಳಿಸೋಕೆ. ಬಟಾಣಿ ಅವರ ಮಗಳಿಗೆ."

"ಮತ್ತೆ ನಿಮಗೆ?"

ಅವಳು ಯೋಚಿಸಿದಳು. ಯಾವಾಗಲೋ ಎಲ್ಲೋ ಇಟ್ಟು ಮರೆತ ಸಾಮಾನನ್ನು ಹುಡುಕುವವರ ಹಾಗೆ ಯೋಚಿಸಿದಳು.

"ನಂಗೇನು... ಉಳಿದಿದ್ದು ಆಗತ್ತೆ."

ನನಗೆ ಮತ್ತೆ ಸಿಟ್ಟು ಬಂತು. ಈ ಸಲ ಅವಳ ಮೇಲಲ್ಲ.

ನಾನು ಆ ಹಡಗಿನ ಹೆಡ್ ವೇಟರ್. ಹಳ್ಳಿಯ ಶಾಲೆ ಮುಗಿಸಿದವನು ತಟ್ಟೆ ತೊಳೆಯಲು ಹಡಗು ಹತ್ತಿದೆ, ತಟ್ಟೆ ಹಿಡಿಯುವ ಮಟ್ಟಕ್ಕೆ ಬಂದೆ. ಅಡುಗೆಮನೆಯವರು ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದರು. ನಾನು ಮದುವೆಯಾಗಿರಲಿಲ್ಲ. ಹಡಗಿನವನಿಗೆ ಹೆಣ್ಣು ಕೊಡುವವರು ಕಡಿಮೆ, ಸಿಟ್ಟಿನವನಿಗೆ ಇನ್ನೂ ಕಡಿಮೆ.

ನಮ್ಮಲ್ಲಿ ಪದ್ಧತಿ ಹೀಗೆ. ಬೇರೆ ಥರದ ಊಟ ಬೇಕಾದವರು ಹಿಂದಿನ ಸಂಜೆಯೇ ಹೇಳಬೇಕು. ಇಷ್ಟಾನಿಷ್ಟ, ಪಥ್ಯಗಳನ್ನು ಆಯಾ ಮೇಜಿನ ವೇಟರ್ ನೋಡಿಕೊಳ್ಳುತ್ತಾನೆ. ಅಲರ್ಜಿ ಎಂದರೆ ಮಾತ್ರ ಹಾಗಲ್ಲ. ಆ ಅಡುಗೆ ಬೇರೆ ಮೂಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಆಗುತ್ತದೆ. ತಟ್ಟೆಗೆ ಮುಚ್ಚಳ ಹಾಕಿ ಕೆಂಪು ಚೀಟಿ ಅಂಟಿಸುತ್ತಾರೆ. ಅದನ್ನು ಹೆಡ್ ವೇಟರೇ ಒಯ್ದು, ಮುಚ್ಚಳ ತೆಗೆದು, ಇದರಲ್ಲಿ ಇಂಥದ್ದು ಇಲ್ಲ ಎಂದು ಉಣ್ಣುವವರ ಮುಖ ನೋಡಿ ಹೇಳಬೇಕು. ಊಟವಾದ ಮೇಲೆ ನಾಳೆಗೇನು ಎಂದೂ ಅವನೇ ಕೇಳಬೇಕು.

ಅವಳ ಪಕ್ಕದ ಮೇಜಿನಲ್ಲಿ ಸೀಗಡಿ ಆಗದ ಮುದುಕರೊಬ್ಬರಿದ್ದರು. ನಾನು ಅವರಿಗೆ ಬಡಿಸುವುದನ್ನು ಅವಳು ಕಣ್ಣರಳಿಸಿ ನೋಡುತ್ತಿದ್ದಳು. ಮರುದಿನವೂ ನೋಡಿದಳು. ಆಮೇಲೆ ಒಂದು ಸಂಜೆ, ಮನೆಯವರೆಲ್ಲ ಎದ್ದು ಹೋದ ಮೇಲೆ, ಅಪ್ಪ ಮರೆತುಹೋದ ಕೋಲು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ನಂದೂ ಒಂದು ಇದೆ."

"ಹೇಳಿ."

"ಬಾದಾಮಿ. ನಂಗೆ ಬಾದಾಮಿ ಆಗಲ್ಲ." ಮೈಯೆಲ್ಲ ಕೆಂಪಾಗುತ್ತದೆ ಎಂದಳು. ಕೆಂಪಾಗಿದ್ದು ಆಗ ಅವಳ ಕಿವಿ ಮಾತ್ರ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಏನಾದ್ರೂ ಆಗಿದ್ರೆ?" ಎಂದು ಗದರಿದೆ. ಅಡುಗೆಮನೆಗೆ ಓಡಿದೆ. ಅವಳಿಗೆ ಬೇರೆ ಪಾತ್ರೆ ತೆಗೆಸಿದೆ.

ಮೊದಲ ಸಂಜೆ ಮುಚ್ಚಳ ತೆಗೆದು, "ಮೀನು, ನಿಂಬೆ, ಬೇಯಿಸಿದ ಕ್ಯಾರೆಟ್. ಇದರಲ್ಲಿ ಬಾದಾಮಿ ಇಲ್ಲ" ಎಂದೆ. ಅವಳು ತಟ್ಟೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು. ರೆಪ್ಪೆ ಬಡಿಯಲಿಲ್ಲ.

"ಇನ್ನೊಂದ್ಸಲ ಹೇಳಿ."

"ಬಾದಾಮಿ ಇಲ್ಲ ಮೇಡಂ."

"ಹಾಂ," ಎಂದಳು. ಏನೋ ದೊಡ್ಡದು ಸಿಕ್ಕಿತು ಅನ್ನುವ ಹಾಗೆ.

ಆಮೇಲೆ ನೋಡಿದರೆ, ಮಧ್ಯಾಹ್ನದ ಚಹಾದ ಹೊತ್ತಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಬಟ್ಟಲಿನಿಂದ ಬಾದಾಮಿ ತೆಗೆದು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು! ಕಣ್ಣು ಸಮುದ್ರದ ಮೇಲೆ, ಕೈ ಬಟ್ಟಲಿನ ಒಳಗೆ. ನಾನು ಕಂಬದ ಹಿಂದೆ ನಿಂತುಬಿಟ್ಟೆ. ಬೇರೆ ಯಾರಾದರೂ ಆಗಿದ್ದರೆ ಹಡಗು ಅಲ್ಲಾಡುವ ಹಾಗೆ ಕೂಗಾಡುತ್ತಿದ್ದೆ. ನನ್ನ ಅಡುಗೆಯವರು ಅವಳ ಸಲುವಾಗಿ ಪಾತ್ರೆ ಬೇರೆ ಮಾಡಿದ್ದಾರೆ, ಚಮಚ ಬೇರೆ ಮಾಡಿದ್ದಾರೆ. ಆದರೆ ಯಾಕೆ ಸುಳ್ಳು ಹೇಳಿದಳು ಎಂದು ಯೋಚಿಸಿದೆ. ಸುಳ್ಳಿನಿಂದ ಅವಳಿಗೆ ಸಿಗುತ್ತಿದ್ದದ್ದು ಒಂದೇ. ದಿನಾ ಸಂಜೆ ನಾನು ಅವಳ ಕುರ್ಚಿಯ ಹತ್ತಿರ ಹೋಗುವುದು.

ಆ ಸಂಜೆ ಮುಚ್ಚಳ ತೆಗೆದು ಬಗ್ಗಿ ಮೆಲ್ಲಗೆ ಹೇಳಿದೆ: "ತಟ್ಟೆಯಲ್ಲಿ ಬಾದಾಮಿ ಇಲ್ಲ ಮೇಡಂ. ಬಾಯಲ್ಲಿ ಇದ್ರೆ ನಾನು ಜವಾಬ್ದಾರನಲ್ಲ."

ಫೋರ್ಕು ಠಣ್ಣೆಂದು ಬಿತ್ತು. ಅವಳು ಕೆಳಗೆ ನೋಡಿದಳು, ಮೇಲೆ ನೋಡಿದಳು, ಆಮೇಲೆ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ನಿಮ್ಮನ್ನ ಒಳಗಡೆ ಮೆಣಸಿನಕಾಯಿ ಅಂತಾರಂತೆ?"

"ಯಾರು ಹೇಳಿದ್ದು?"

"ನಾಳೆಗೆ ಅದನ್ನೂ ಸ್ವಲ್ಪ ಕಡಿಮೆ ಹಾಕೋಕೆ ಹೇಳಿ. ಕಣ್ಣಲ್ಲಿ ನೀರು ಬರತ್ತೆ."

ಅಡುಗೆಮನೆಯ ಹಿರಿಯ, ನಮ್ಮ ದೊಡ್ಡ ಭಟ್ಟ, ಆ ತಟ್ಟೆ ಕೊಡುವಾಗ ದಿನಾ ಕಾಲೆಳೆಯುತ್ತಿದ್ದ. "ಏನಪ್ಪಾ, ಇದೊಂದು ತಟ್ಟೆ ಹಿಡಿಯುವಾಗ ಮಾತ್ರ ಮುಖ ಮದುಮಗನ ಥರ ಆಗತ್ತಲ್ಲ?"

"ಬಾಯಿ ಮುಚ್ಕೊಂಡು ಸಾಸ್ ಹಾಕು," ಎನ್ನುತ್ತಿದ್ದೆ.

ಅವಳ ಅಪ್ಪನಿಗೆ ಕಣ್ಣು ಮಂಜಾಗಿತ್ತು. ಊಟ ಬಂದ ಕೂಡಲೇ ಅವಳು ಅವರ ಕೈಹಿಡಿದು ತಟ್ಟೆಯ ಅಂಚು ಮುಟ್ಟಿಸುತ್ತಿದ್ದಳು. "ಅಪ್ಪಾ, ಮೀನು ನಿಮ್ಮ ಹತ್ತಿರ ಇದೆ. ಆಲೂಗಡ್ಡೆ ಆ ಕಡೆ. ಬಲಗಡೆ ಬಿಸಿ ಇದೆ, ಹುಷಾರು." ಅವರು ಹೂಂ ಪುಟ್ಟಿ, ಹೂಂ ಪುಟ್ಟಿ ಎನ್ನುತ್ತಾ ನಿಧಾನವಾಗಿ ಉಣ್ಣುತ್ತಿದ್ದರು. ನಲವತ್ತು ದಾಟಿದವಳು ಇನ್ನೂ ಪುಟ್ಟಿ. ಅವರು ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ಒಂದು ಸಂಜೆ ತಮ್ಮನ ಹೆಂಡತಿ ಕೆಂಪು ಚೀಟಿ ನೋಡಿದಳು.

"ಅತ್ತಿಗೆ, ನಿಮಗೆ ಬಾದಾಮಿ ಆಗಲ್ವಾ? ಯಾವತ್ತಿಂದ? ಮನೇಲಿ ಡಬ್ಬಿ ಖಾಲಿ ಮಾಡೋರೇ ನೀವು!"

ತಮ್ಮ ತಲೆಯೆತ್ತಿದ. "ಅಕ್ಕಂಗಾ? ಅಲರ್ಜಿನಾ?" ಎಂದು ಗಹಗಹಿಸಿ ನಕ್ಕ. "ಈ ವಯಸ್ಸಲ್ಲಿ ಇದೇನು ಹೊಸ ಫ್ಯಾಷನ್ನು ಅಕ್ಕಾ?"

ಮಗುವೂ ನಕ್ಕಿತು. "ಅತ್ತೆ ಸುಳ್ಳು! ಅತ್ತೆ ಸುಳ್ಳು!"

ಅವಳ ಮುಖ ಸುಟ್ಟ ಬ್ರೆಡ್ಡಿನ ಹಾಗಾಯಿತು. ಕೈ ತಟ್ಟೆಯನ್ನು ಆಚೆ ತಳ್ಳಲು ಹೊರಟಿತು. ನಾನು ತಟ್ಟೆಯನ್ನು ಹಿಡಿದು ಅವಳ ಮುಂದೆಯೇ ಗಟ್ಟಿಯಾಗಿ ಊರಿದೆ.

"ಅಲರ್ಜಿ ಯಾವ ವಯಸ್ಸಲ್ಲಾದ್ರೂ ಬರತ್ತೆ ಸಾರ್. ನಗೋ ವಿಷಯ ಅಲ್ಲ. ಇವರು ಹೇಳಿದ್ದಾರೆ, ನಾವು ನಂಬಿದ್ದೀವಿ. ಈ ಮೇಜಿನ ಮೇಲೆ ಇವರಿಗೆ ಬಾದಾಮಿ ಕೊಡೋರು ಯಾರು ಅಂತ ನಾನೂ ನೋಡ್ತೀನಿ."

ತಮ್ಮ ತನ್ನ ತಟ್ಟೆಗೆ ಬಗ್ಗಿದ. ಅಪ್ಪ ಮಾತ್ರ, "ಯಾರಪ್ಪಾ ಅದು? ಧ್ವನಿ ಚೆನ್ನಾಗಿದೆ," ಎಂದರು. ಅವಳು ತಲೆ ಬಗ್ಗಿಸಿ ಉಣ್ಣತೊಡಗಿದಳು. ಒಂದು ಕಾಳೂ ಬಿಡದೆ ಉಂಡಳು.

ಮರುದಿನ ಬೆಳಿಗ್ಗೆ, ಇನ್ನೂ ಯಾರೂ ಬಂದಿರದಾಗ, ಅಪ್ಪನ ಗಂಜಿಗೆಂದು ಬಂದಳು. ಇನ್ಸುಲಿನ್ ಚುಚ್ಚಿದ ಮೇಲೆ ಅವರು ಕಾಯುವಂತಿರಲಿಲ್ಲ. ನಾನು ಮೇಜುಗಳಿಗೆ ಬಟ್ಟೆ ಹಾಸುತ್ತಿದ್ದೆ. ಅವಳು ಕೇಳದೆಯೇ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ನಾವಿಬ್ಬರೂ ಕೊಡವಿದೆವು. ಬಿಳಿ ಬಟ್ಟೆ ನಮ್ಮ ನಡುವೆ ಉಬ್ಬಿ ಕೂತಿತು.

"ನಿನ್ನೆ ನನ್ ಪರವಾಗಿ ಸುಳ್ಳು ಹೇಳಿದ್ರಲ್ಲ."

"ನಿಮ್ಮಷ್ಟು ಚೆನ್ನಾಗಿ ಬರಲ್ಲ ನಂಗೆ."

ಅವಳು ನಕ್ಕಳು. ಸುಕ್ಕನ್ನು ಅಂಗೈಯಿಂದ ನೀವಿದಳು. ಈ ಹೆಂಗಸು ಪ್ರಯಾಣಕ್ಕೆ ಬಂದೂ ಬಟ್ಟೆ ನೀವುತ್ತಿದ್ದಾಳಲ್ಲ ಎಂದುಕೊಂಡೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ನೋಡಿ, ಇದು ನನ್ನ ಕೊನೇ ಪ್ರಯಾಣ. ಇಳಿದ ಮೇಲೆ ಮತ್ತೆ ಹತ್ತಲ್ಲ. ದಡದಲ್ಲಿ ಎರಡು ಕೋಣೆ ಮನೆ ಮಾಡಿದ್ದೀನಿ. ಕೆಳಗಡೆ ಸಣ್ಣ ಹೋಟೆಲ್ ಹಾಕ್ತೀನಿ. ನೀವು ಬನ್ನಿ. ಮದುವೆ ಆಗೋಣ."

ಅವಳ ಕೈ ನಿಂತಿತು.

"ಹೀಗಾ ಕೇಳೋದು? ಮೀನು ಬೇಕಾ ಕೋಳಿ ಬೇಕಾ ಅನ್ನೋ ಹಾಗೆ?"

"ನಂಗೆ ಹೀಗೇ ಬರೋದು."

"ಗೊತ್ತು," ಎಂದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಅಪ್ಪ?"

"ಅವರನ್ನೂ ಕರ್ಕೊಂಡು ಬನ್ನಿ. ತಟ್ಟೇಲಿ ಎಲ್ಲೆಲ್ಲಿ ಏನಿದೆ ಅಂತ ನಾನೇ ಹೇಳ್ತೀನಿ."

ಗಂಜಿಯ ಬಟ್ಟಲು ಬಂತು. ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

"ನಮ್ಮ ಮನೇಲಿ ಅವರು ಗೋಡೆ ಮುಟ್ಕೊಂಡು ನಡೀತಾರೆ. ಬಚ್ಚಲು, ಬಾಗಿಲು, ಅಮ್ಮನ ಕಪಾಟು, ಎಲ್ಲಾ ಅವರ ಬೆರಳಿಗೆ ಗೊತ್ತು. ಅಲ್ಲಿ ಅವರಿನ್ನೂ ಕುರುಡಾಗಿಲ್ಲ ಕಣ್ರಿ. ಬೇರೆ ಮನೆಗೆ ಕರ್ಕೊಂಡು ಹೋದ ದಿನವೇ ಆಗಿಬಿಡ್ತಾರೆ."

"ತಮ್ಮ ಇದ್ದಾನಲ್ಲ? ಅವನ ಹೆಂಡ್ತಿ ಇದ್ದಾಳಲ್ಲ?" ಧ್ವನಿ ಏರಿತು. "ಅವರಿಗೇನು ಕೈ ಇಲ್ವಾ?"

"ಇದೆ. ತಟ್ಟೆ ತಂದಿಡ್ತಾರೆ. ಬಿಸಿ ಇದೆ ಅಂತ ಹೇಳೋಕೆ ಮರೀತಾರೆ."

ನಾನು ಒಂದು ಕರವಸ್ತ್ರ ಮಡಚಿ ಅವಳ ಕೈಗೂ ಬಿಸಿ ಬಟ್ಟಲಿಗೂ ನಡುವೆ ಇಟ್ಟೆ.

"ಯೋಚನೆ ಮಾಡ್ತೀನಿ," ಎಂದಳು ಹೋಗುವಾಗ. ಬಾಗಿಲಲ್ಲಿ ತಿರುಗಿ ನೋಡಿದಳು. ಆ ನೋಟವನ್ನು ನಂಬಿಕೊಂಡು ನಾನು ದಿನವಿಡೀ ಯಾರನ್ನೂ ಬೈಯಲಿಲ್ಲ. ದೊಡ್ಡ ಭಟ್ಟ ನನಗೆ ಜ್ವರ ಬಂದಿದೆ ಎಂದು ಹಣೆ ಮುಟ್ಟಿ ನೋಡಿದ.

ಸಂಜೆ ಊಟ ಮುಗಿಯಿತು. ನಾನು ಅವಳ ಕುರ್ಚಿಯ ಪಕ್ಕ ನಿಂತು, "ನಾಳೆ ಕೊನೇ ಊಟ ಮೇಡಂ. ಏನು ಮಾಡಿಸ್ಲಿ?" ಎಂದೆ.

ಅವಳು ಅಪ್ಪನ ಗದ್ದಕ್ಕೆ ಅಂಟಿದ್ದ ಸಾಸನ್ನು ಒರೆಸಿದಳು. ಕರವಸ್ತ್ರ ಮಡಚಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾಳೆ ಎಲ್ಲರಿಗೂ ಬಾದಾಮಿ ಕೇಕ್ ಅಂತೆ, ನಂಗೂ ಅದೇ ಇರ್ಲಿ. ನನ್ನ ಅಲರ್ಜಿ ತೆಗೆದುಬಿಡಿ."

"ವಾಸಿಯಾಯ್ತಾ ಅತ್ತಿಗೆ?" ಎಂದು ತಮ್ಮನ ಹೆಂಡತಿ ನಕ್ಕಳು.

"ಹೂಂ. ವಾಸಿಯಾಯ್ತು."

ಅವಳು ನನ್ನ ಕಡೆ ನೋಡಲಿಲ್ಲ. ಮೇಜಿನ ಕೆಳಗೆ ಅವಳ ಎರಡೂ ಕೈ ಒಂದನ್ನೊಂದು ಹಿಂಡುತ್ತಿದ್ದವು. ಅಲರ್ಜಿ ಇಲ್ಲದವರ ಮೇಜಿನಲ್ಲಿ ಹೆಡ್ ವೇಟರಿಗೆ ಕೆಲಸವಿಲ್ಲ. ಇಷ್ಟು ಮೆತ್ತಗೆ ಒಬ್ಬ ಮನುಷ್ಯನಿಗೆ ಇಲ್ಲ ಎಂದು ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

"ಆಯ್ತು ಮೇಡಂ," ಎಂದೆ.

ಕೊನೆಯ ಊಟದ ಸಂಜೆ ನಾನು ದೂರದಲ್ಲಿ ನಿಂತೆ. ಆ ಮೇಜಿನ ವೇಟರ್ ಅವಳಿಗೆ ಸೂಪ್ ಕೊಟ್ಟ, ಮೀನು ಕೊಟ್ಟ. ಮುಚ್ಚಳವಿಲ್ಲ, ಚೀಟಿಯಿಲ್ಲ. ಅವಳು ಅಪ್ಪನಿಗೆ ತಟ್ಟೆಯ ದಿಕ್ಕು ಹೇಳಿಕೊಟ್ಟಳು. ನಾನು ಎಲ್ಲ ಮೇಜುಗಳ ಮೇಲೂ ರೇಗಿದೆ. ಬೆಳಿಗ್ಗೆ ಹಡಗು ದಡ ಸೇರುತ್ತದೆ, ಇಳಿಯುವವರಿಗೆ ತಿಂಡಿ ಮೇಲಿನ ಡೆಕ್ಕಿನಲ್ಲಿ. ನಮ್ಮ ಬಾಗಿಲು ಆಮೇಲೆ ತೆರೆಯುವುದು ಹೊಸಬರಿಗೆ.

ಕೇಕ್ ಹೊರಡುವಾಗ ತಡೆಯಲಾಗಲಿಲ್ಲ. ವೇಟರನ ಕೈಯಿಂದ ಅವಳ ತಟ್ಟೆ ಕಿತ್ತುಕೊಂಡೆ.

ಅವಳ ಮುಂದೆ ಇಟ್ಟಾಗ ಅವಳು ತಲೆಯೆತ್ತದೆ ಹೇಳಿದಳು, "ನೀವು ಬರೋ ಹಾಗಿಲ್ಲವಲ್ಲ ಇವತ್ತು."

"ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ಕಾಲು ಮಾತು ಕೇಳ್ಲಿಲ್ಲ."

ಅವಳು ಒಂದು ಚೂರು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಇನ್ನೊಂದು ಚೂರು. ಮತ್ತೊಂದು. ಅಪ್ಪ, "ಏನು ಪುಟ್ಟಿ, ಚೆನ್ನಾಗಿದೆಯಾ?" ಎಂದರು. "ಹೂಂ ಅಪ್ಪಾ," ಎಂದಳು. ಧ್ವನಿ ಒಡೆದಿತ್ತು, ಅದು ಅವರಿಗೂ ಕೇಳಿರಬೇಕು. ಅವರ ಕೈ ಮೇಜಿನ ಮೇಲೆ ಅವಳ ಕೈಯನ್ನು ಹುಡುಕಿತು.

ತಟ್ಟೆ ಖಾಲಿಯಾಯಿತು. ಅವಳು ನನ್ನನ್ನು ನೋಡಿದಳು. ಈ ಸಲ ಪೂರ್ತಿಯಾಗಿ ನೋಡಿದಳು.

"ಇನ್ನೊಂದು ತುಂಡು ಸಿಗತ್ತಾ? ನಂಗೆ?"

ಸಿಗುತ್ತದಾ ಎಂದರೆ! ನಾನು ಅಡುಗೆಮನೆಗೆ ಓಡಿದೆ. ಕೇಕ್ ಮುಗಿದಿತ್ತು. ದೊಡ್ಡ ಭಟ್ಟ ತನಗೆಂದು ಎತ್ತಿಟ್ಟುಕೊಂಡಿದ್ದ ತುಂಡನ್ನು, ನನ್ನ ಮುಖ ನೋಡಿ, ಮಾತಾಡದೆ ಕೊಟ್ಟ. ಅಂಚು ಒರೆಸಿ, ಮೇಲೆ ಹುರಿದ ಬಾದಾಮಿ ಉದುರಿಸಿ ಕೊಟ್ಟ.

ವಾಪಸ್ ಬಂದಾಗ ಅವಳ ಕುರ್ಚಿ ಖಾಲಿ. ಅಪ್ಪನ ಕುರ್ಚಿಯೂ ಖಾಲಿ. ತಮ್ಮ ಮತ್ತು ಹೆಂಡತಿ ಕೂತು ಕಾಫಿ ಕುಡಿಯುತ್ತಿದ್ದರು.

"ಅಪ್ಪಂಗೆ ತಲೆ ಸುತ್ತು ಬಂತು. ಅಕ್ಕ ರೂಮಿಗೆ ಕರ್ಕೊಂಡು ಹೋದ್ಳು," ಎಂದ ತಮ್ಮ. "ಗಾಬರಿ ಏನಿಲ್ಲ, ಆಗಾಗ ಆಗತ್ತೆ. ಅವಳು ನೋಡ್ಕೋತಾಳೆ."

ಪ್ರಯಾಣಿಕರ ರೂಮುಗಳ ಕಡೆ ಹೋಗಲು ನಮಗೆ ಅನುಮತಿಯಿಲ್ಲ. ತಟ್ಟೆ ಹಿಡಿದು ನಿಂತೆ.

"ಇಲ್ಲೇ ಇಡಿ, ನಮ್ಮ ಪಾಪು ತಿನ್ನತ್ತೆ," ಎಂದಳು ಹೆಂಡತಿ.

"ಇದು ಅವರದು," ಎಂದೆ.

ಅವಳ ಜಾಗದಲ್ಲಿ ತಟ್ಟೆ ಇಟ್ಟೆ. ಶುಭ್ರವಾದ ಫೋರ್ಕ್ ಇಟ್ಟೆ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದು, ಅದರ ಹಿಂದೆ ಕೈಕಟ್ಟಿ ನಿಂತೆ. ಒಂದೊಂದೇ ಮೇಜು ಎದ್ದಿತು. ತಮ್ಮನೂ ಎದ್ದ. ಮಗುವಿನ ಕೈ ಹಿಡಿದು ಹೊರಟ ಅವನ ಹೆಂಡತಿ ನಿಂತು ನನ್ನ ಮುಖ ನೋಡಿದಳು. ಏನು ಕಂಡಿತೋ, ಧ್ವನಿ ತಗ್ಗಿಸಿದಳು.

"ಅವರು ಇನ್ನು ಬರಲ್ಲ ಕಣ್ರಿ."

"ಗೊತ್ತು," ಎಂದೆ. ನಿಂತೇ ಇದ್ದೆ.