ಕೂದಲೆಳೆ ನುಸುಳದ ಕಲ್ಲು

"ಆ ಒಂದು ಕಲ್ಲಿನ ಜಾಗ ಖಾಲಿ ಇರ್ಲಿ ಸಾರ್. ಬೇರೆ ಎಲ್ಲಿ ಬೇಕಾದ್ರೂ ರಿಪೇರಿ ಮಾಡ್ಕೊಳ್ಳಿ" ಎಂದಳು ಬೀಗದಮ್ಮ.

ಗುಮ್ಮಟದ ಬೀಗದಕೈ ಗೊಂಚಲು ಸದಾ ಅವಳ ಸೊಂಟದಲ್ಲಿರುತ್ತಿದ್ದುದರಿಂದ ಊರಿನವರಿಟ್ಟ ಹೆಸರು ಅದು. ಅವಳೆದುರು ನಿಂತು ನಗುತ್ತಿದ್ದವನಿಗೂ ಗುಮ್ಮಟದ ದುರಸ್ತಿಗೆಂದು ಬಂದ ಕೆಲವೇ ದಿನಗಳಲ್ಲಿ ಊರು ಒಂದು ಹೆಸರು ಕೊಟ್ಟಿತ್ತು: ಚುಕ್ಕಿ ಸಾಹೇಬ. ಮೂರು ಕಾಲಿನ ಮೇಲೆ ಅವನು ನಿಲ್ಲಿಸುವ ಯಂತ್ರ ಗಿರ್ರನೆ ತಿರುಗುತ್ತ ಕಣ್ಣಿಗೆ ಕಾಣದ ಬೆಳಕನ್ನು ಗೋಡೆಗೆ ಎಸೆಯುತ್ತಿತ್ತು. ಬೆಳಕು ತಾಗಿ ಮರಳಿದಲ್ಲೆಲ್ಲ ಒಂದು ಚುಕ್ಕಿ. ಕೋಟಿಗಟ್ಟಲೆ ಚುಕ್ಕಿಗಳು ಕೂಡಿದಾಗ ಕಂಪ್ಯೂಟರಿನ ಪರದೆಯಲ್ಲಿ ಇಡೀ ಗುಮ್ಮಟ ಎದ್ದು ನಿಲ್ಲುತ್ತಿತ್ತು. ಬಿರುಕುಗಳ ಮೇಲೆ ಅಂಟಿಸಿದ ಬೆರಳುದ್ದದ ಸೆನ್ಸರುಗಳು ದಿನವೂ ಸುದ್ದಿ ಕಳಿಸಿ ಆ ಮಾದರಿಯನ್ನು ಕಟ್ಟಡದ ಜೊತೆಜೊತೆಗೇ ಬದುಕಿಸುತ್ತಿದ್ದವು. ಯಾವ ಬಿರುಕು ಬಾಯಿ ಬಿಡುತ್ತಿದೆ, ಎಲ್ಲಿ ತೇವ ಏರುತ್ತಿದೆ, ಎಲ್ಲವೂ ಕೂತಲ್ಲಿಂದಲೇ ಗೊತ್ತು.

ಆ ಗುಮ್ಮಟಕ್ಕೆ ಹುಟ್ಟಿದಾಗಿನಿಂದ ಬಿರುಕಿನ ರೋಗ. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ಮಾದರಿ ರೋಗದ ಮೂಲವನ್ನು ಕೆಂಪಗೆ ತೋರಿಸಿತ್ತು. ಗುಮ್ಮಟದ ಬುಡವನ್ನು ಬಳೆಯಂತೆ ಸುತ್ತಿದ ಕಲ್ಲುಸಾಲಿನಲ್ಲಿ ಒಂದು ಕಲ್ಲು ಇರಲಿಲ್ಲ. ಅದರ ಹಿಂದೆ ಒಬ್ಬರು ಮುದುಡಿ ಕೂರುವಷ್ಟು ಗೂಡು. ಅಲ್ಲಿ ಗೂಡೇಕೆ ಬಿಟ್ಟರೋ, ಮಾದರಿಗೆ ತಿಳಿಯಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ.

ಬೀಗದಮ್ಮ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳಿದಳು. ಕಟ್ಟಿಸಿದ ಧಣಿಗೆ ಗುಮ್ಮಟ ಎಂದೂ ಬೀಳಬಾರದೆಂಬ ಹಟವಂತೆ. ಮಾಟಗಾರನನ್ನು ಕರೆಸಿ ಪಾಯಕ್ಕೇ ಕಟ್ಟು ಹಾಕಿಸಿದನಂತೆ. ಕೊನೆಯ ಕಲ್ಲು ಕೂತಾಗ ಆ ಕಟ್ಟು ಪೂರ್ತಿಯಾಗುತ್ತದೆ. ಕಲ್ಲು ಕೂರಿಸಿದವನ ಪ್ರಾಣಕ್ಕೆ ಪ್ರಾಣವಾದವರು ಯಾರೋ ಅವರು ಗೋಡೆಗೆ ಸೇರುತ್ತಾರೆ. ಗುಟ್ಟು ತಿಳಿದ ಮೇಸ್ತ್ರಿ ಕೊನೆಯ ಕಲ್ಲನ್ನೇ ಗಾಡಿಗೆ ಹೇರಿಕೊಂಡು, ಹೆಂಡತಿ ಮಕ್ಕಳೊಡನೆ ಊರು ಬಿಟ್ಟನಂತೆ.

"ಮೇಸ್ತ್ರಿಗೆ ಅಳತೆ ತಪ್ಪಿತ್ತು ಅಮ್ಮ. ಮುಚ್ಕೊಳ್ಳೋಕೆ ಕತೆ ಕಟ್ಟಿದ. ಕಟ್ಟಡಕ್ಕಿಂತ ಕತೆನೇ ಗಟ್ಟಿಯಾಗಿ ನಿಂತಿದೆ ನೋಡಿ."

"ಮನೇಲಿ ಯಾರಿದಾರೆ ಸಾರ್?"

"ಅಕ್ಕ ಒಬ್ಳೇ."

"ಹಂಗಾದ್ರೆ ನಗ್ಬೇಡಿ."

ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಅಕ್ಕ ಎಂದರೆ ಅವನಿಗೆ ತಾಯಿಯೂ ಹೌದು, ತಂದೆಯೂ ಹೌದು. ಹೊಲಿಗೆ ಯಂತ್ರ ತುಳಿದು ತುಳಿದು ಅವನನ್ನು ಓದಿಸಿದ್ದಳು. ಬಂದ ಗಂಡುಗಳನ್ನೆಲ್ಲ ಏನೋ ಒಂದು ನೆಪ ಹೇಳಿ ಸಾಗಹಾಕಿದ್ದಳು. ಈ ಊರಿಗೂ ಅವನ ಜೊತೆಗೇ ಬಂದು, ಈಗ ಗುಮ್ಮಟ ಮತ್ತೆ ತೆರೆಯುವ ದಿನಕ್ಕೆಂದು ತಮ್ಮನಿಗೊಂದು ಅಂಗಿ ಹೊಲಿಯುತ್ತಿದ್ದಳು. ತೋಳಿನ ಅಳತೆಗೆ ಟೇಪು ಹಿಡಿದು ಬಂದಾಗಲೆಲ್ಲ ಅವನಿಗೆ ಆತುರ.

"ನನ್ನ ಯಂತ್ರ ಕೇಳಕ್ಕ, ಹೇಳುತ್ತೆ" ಎಂದು ಜಾರಿಕೊಳ್ಳುತ್ತಿದ್ದ.

"ನಿನ್ನ ಯಂತ್ರಕ್ಕೆ ಊರ ಗೋಡೆ ಅಳತೆಯೆಲ್ಲ ಗೊತ್ತು ಕಣೋ. ಮನೆ ಹುಡುಗನ ತೋಳು ಗೊತ್ತಿಲ್ಲ" ಎಂದು ಅವಳು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು.

ಚುಕ್ಕಿಗಳ ಲೆಕ್ಕದಂತೆ ದೂರದ ಕಾರ್ಖಾನೆಯಲ್ಲಿ ಕಲ್ಲು ಕೊರೆದು ಬಂತು. ಕೂರಿಸಲು ಬಂದ ಗಾರೆಯವರು ಗೂಡಿನೊಳಗೆ ಇಣುಕಿ, ನೀರು ಕುಡಿದು, ಸಾಮಾನು ಕಟ್ಟಿಕೊಂಡು ಹೊರಟುಹೋದರು. ಅವನಿಗೆ ರೋಷ ಬಂತು. ಹಲಗೆಯ ಮೇಲಿಟ್ಟ ಕಲ್ಲಿಗೆ ತಾನೇ ಹೆಗಲು ಕೊಟ್ಟ. ಕಲ್ಲು ಬೆಣ್ಣೆಯ ಮೇಲೆ ಜಾರಿದಂತೆ ಒಳಗೆ ಸರಿಯಿತು. ಎಷ್ಟೋ ಕಾಲದಿಂದ ಉಸಿರು ಬಿಗಿಹಿಡಿದಿದ್ದವರು ಯಾರೋ ಒಮ್ಮೆ ಎಳೆದುಕೊಂಡಂಥ ಸದ್ದಾಯಿತು. ಹಸಿ ಸುಣ್ಣದ ವಾಸನೆ ಹಬ್ಬಿತು. ಅದರ ಬೆನ್ನಿಗೇ ಸುಟ್ಟ ಕೂದಲಿನ ವಾಸನೆ. ಅವನು ತನ್ನ ತಲೆಯಿಂದ ಒಂದು ಕೂದಲು ಕಿತ್ತು ಸಂದಿಗೆ ಹಿಡಿದ. ನುಸುಳಲಿಲ್ಲ. ಇಂಥ ಕೆಲಸ ಯಾವ ಮೇಸ್ತ್ರಿ ಮಾಡಿಯಾನು ಎಂದು ಬೀಗಿದ.

ಮರುದಿನದಿಂದ ಬಿರುಕುಗಳು ಮುಚ್ಚಿಕೊಳ್ಳತೊಡಗಿದವು. ಪರದೆಯ ಕೆಂಪು ಹಳದಿಯಾಯಿತು, ಹಳದಿ ಹಸಿರಾಯಿತು. ಇಲಾಖೆಯ ದೊಡ್ಡ ಸಾಹೇಬರು ಫೋನಿನಲ್ಲಿ ಬೆನ್ನು ತಟ್ಟಿದರು. ಮನೆಯಲ್ಲಿ ಅಕ್ಕ ಕೆಮ್ಮಿದರೆ ಸೆರಗಿನ ಮೇಲೆ ಬಿಳಿ ಪುಡಿ ಉದುರುತ್ತಿತ್ತು.

ಹೊಲಿಗೆ ಬಟ್ಟೆಯ ಧೂಳಿರಬೇಕೆಂದ. ವೈದ್ಯರೂ ಅದನ್ನೇ ಹೇಳಿದರು. ಆದರೆ ಅವಳ ಕೈ ಮಧ್ಯಾಹ್ನದ ಬಿಸಿಲಿನಲ್ಲೂ ನೆಲಮಾಳಿಗೆಯ ಕಲ್ಲಿನಂತೆ ತಣ್ಣಗಿರುತ್ತಿತ್ತು. ನಡೆದರೆ ಹೆಜ್ಜೆಯ ಸದ್ದಿಲ್ಲ. ಅವಳು ತಲೆ ಬಾಚಿದ ಬಾಚಣಿಗೆಯಲ್ಲಿ ಸುಣ್ಣದ ವಾಸನೆ. ಒಂದು ಸಂಜೆ ಟೇಪನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡು ನಕ್ಕಳು: "ನೋಡೋ, ಟೇಪಿಗೆ ನಾನು ಸಾಕಾಗ್ತಿಲ್ಲ."

ಅವನಿಗೆ ನಗು ಬರಲಿಲ್ಲ. ಏನು ತೋಚಿತೋ, ಯಂತ್ರವನ್ನು ಮನೆಯ ನಡುವೆ ನಿಲ್ಲಿಸಿ ತಿರುಗಿಸಿದ. ಅಕ್ಕ ಕಿಟಕಿಯ ಬಳಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಪರದೆಯ ಮೇಲೆ ಕಿಟಕಿ ಬಂತು. ಹೊಲಿಗೆ ಯಂತ್ರ ಬಂತು. ಅಂಗಿಯ ಬಟ್ಟೆ, ದಾರದ ಉಂಡೆ, ಗೋಡೆಯ ಮೊಳೆ, ಎಲ್ಲ ಬಂದವು. ಕುರ್ಚಿ ಖಾಲಿಯಿತ್ತು.

"ಪಟದಲ್ಲಿ ನಾನು ಚೆನ್ನಾಗಿ ಬಿದ್ದಿದೀನೇನೋ?" ಎಂದಳು ಅವಳು, ತಲೆಯೆತ್ತದೆ.

ಅವನು ಯಂತ್ರ ಹೊತ್ತುಕೊಂಡು ಗುಮ್ಮಟಕ್ಕೆ ಓಡಿದ. ಒಳಗೆ ಹಗಲು ಹೊಗೆಯಂತೆ ಮಂಕಾಗಿತ್ತು. ಯಂತ್ರವನ್ನು ಆ ಕಲ್ಲಿಗೆ ಎದುರು ಮಾಡಿದ. ಬೆಳಕು ಕಲ್ಲಿನೊಳಕ್ಕೆ ಹೋಗದು. ಅದು ಅವನ ವಿದ್ಯೆಯ ಮೊದಲ ಪಾಠ. ಆದರೂ ಪರದೆಯ ಮೇಲೆ ಕಲ್ಲಿನ ಹಿಂದೆ ಚುಕ್ಕಿಗಳು ಒಂದೊಂದಾಗಿ ಕೂಡಿದವು. ಮೊಣಕಾಲು. ಬಾಗಿದ ಬೆನ್ನು. ಇಳಿಬಿದ್ದ ಜಡೆ. ಕೊರಳ ಸುತ್ತ ತೆಳುವಾದ ಒಂದು ಪಟ್ಟಿ. ಟೇಪು. ಮುಖದ ಜಾಗ ಮಾತ್ರ ಇನ್ನೂ ತುಂಬಿರಲಿಲ್ಲ.

ಬೀಗದಮ್ಮ ಬಾಗಿಲಲ್ಲಿ ನಿಂತಿದ್ದಳು. ಹಾರೆ ಎಲ್ಲಿದೆಯೆಂದು ಅವನು ಕೇಳಿದ. ಅವಳು ಕೈ ತೋರಿದಳು, ಹತ್ತಿರ ಬರಲಿಲ್ಲ.

ಹಾರೆಯ ಮೊನೆ ಸಂದಿ ಹುಡುಕಿತು. ಸಂದಿ ಇರಲಿಲ್ಲ. ಚಾಕು ತಂದ. ಬ್ಲೇಡು ತಂದ. ಉಗುರಿನಿಂದ ಕೆರೆದ. ಉಗುರು ಎದ್ದು ರಕ್ತ ಬಂತು. ಕಲ್ಲು ಅದನ್ನು ಹೀರಿತು. ಕೊನೆಗೆ ಉಳಿ ಇಟ್ಟು ಸುತ್ತಿಗೆ ಎತ್ತಿ ಹೊಡೆದ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಎಲ್ಲಿದೀಯೋ?" ಅಕ್ಕನ ದನಿ ಬಾವಿಯಿಂದ ಬಂದಂತಿತ್ತು. "ಎದೆ ಮೇಲೆ ಯಾರೋ ಸುತ್ತಿಗೇಲಿ ಹೊಡೆದ ಹಾಗಾಯ್ತು ಕಣೋ. ಮನೆಗೆ ಬಾ."

ಸುತ್ತಿಗೆ ಕೈಯಿಂದ ಬಿತ್ತು. ಕಲ್ಲಿನ ಮೇಲೆ ಉಳಿಯ ಗುರುತಿರಲಿಲ್ಲ.

"ಒಡೆದ್ರೆ ಅವಳು ಒಡೀತಾಳೆ. ಬಿಟ್ರೆ ಅವಳು ಒಳಗೇ ಇರ್ತಾಳೆ. ಇನ್ನೇನೂ ಉಳ್ದಿಲ್ಲ ಸಾರ್" ಎಂದಳು ಬೀಗದಮ್ಮ. ಅವಳ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಓಡಿದ. ಬೀದಿ ಮುಗಿಯದು. ಮೆಟ್ಟಿಲು ಮುಗಿಯದು. ಬಾಗಿಲು ತೆರೆದೇ ಇತ್ತು. ಒಳಗೆ ಟಕಟಕ ಟಕಟಕ ಹೊಲಿಗೆ ಯಂತ್ರದ ಸದ್ದು. ಸದ್ಯ, ಇದ್ದಾಳೆ! ಒಳಗೆ ನುಗ್ಗಿದ. ಪೆಡಲು ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ನಿಧಾನವಾಯಿತು. ನಿಂತಿತು. ಕುರ್ಚಿಯ ಮೇಲೆ ಬಿಳಿ ಪುಡಿ. ಸೂಜಿಯ ಕೆಳಗೆ ಅಂಗಿ. ಕಾಲರು ಮುಗಿದಿತ್ತು, ಗುಂಡಿ ಹಾಕಿತ್ತು. ತೋಳು ಇರಲಿಲ್ಲ.

ಜೇಬಿನ ಫೋನು ಮತ್ತೆ ಮಿಡುಕಿತು. ಗುಮ್ಮಟದ ಮಾದರಿಯಿಂದ ಬಂದ ಸುದ್ದಿ: ಬಿರುಕು ಒಂದೂ ಇಲ್ಲ, ಕಟ್ಟಡ ಪೂರ್ತಿ ಕ್ಷೇಮ.

ಆಮೇಲೆ ಗುಮ್ಮಟ ತೆರೆಯಿತು. ದೊಡ್ಡ ಸಾಹೇಬರು ಭಾಷಣ ಮಾಡಿದರು. ಇಷ್ಟು ಗಟ್ಟಿ ಕಟ್ಟಡವನ್ನು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲವಂತೆ. ಜನ ಬಂದರು, ತಲೆಯೆತ್ತಿ ನೋಡಿದರು, ಹೋದರು. ತೋಳಿಲ್ಲದ ಹೊಸ ಅಂಗಿ ತೊಟ್ಟು ಕಲ್ಲಿಗೆ ಕೆನ್ನೆಯೊತ್ತಿ ನಿಂತವನನ್ನು ಕಂಡು ಕೆಲವರು ನಕ್ಕರು. ಬೀಗದಮ್ಮ ಅವನನ್ನು ಕದಲಿಸಲಿಲ್ಲ. ಕೊನೆಯವರು ಹೋದ ಮೇಲೆ ದೀಪಗಳನ್ನು ಆರಿಸಿ, ಬಾಗಿಲು ಮುಂದೆಳೆದು, ಹೊರಗೆ ಕಾದು ಕೂತಳು.

ಕತ್ತಲೆ. ಹಸಿ ಸುಣ್ಣ. ಕಲ್ಲಿನಾಚೆ ಟಕಟಕ ಟಕಟಕ. ನಿಂತಿತು. ದಾರವನ್ನು ಹಲ್ಲಿನಿಂದ ಕಡಿದ ಸದ್ದು.

"ಲೋ, ಬಂದಿದೀಯಾ?" ಎಂದಳು ಅಕ್ಕ, ಕಿವಿಗೆ ಅಷ್ಟು ಹತ್ತಿರದಲ್ಲಿ. "ತೋಳೊಂದು ಬಾಕಿ ಇದೆ. ಅಳತೆ ತಗೋಬೇಕು, ಕೈ ಚಾಚೋ."

ಅವನು ಕತ್ತಲಲ್ಲಿ ಬೆರಳಾಡಿಸಿ ಸಂದಿ ಹುಡುಕತೊಡಗಿದ.