ಮುಂದಿನ ಸೀಟು ಸಡಿಲ ಐತ್ರಿ

"ಇಕಿನ್ನ ಯಾಕ ಎಣಸ್ತಿಯೋ ಮಾರಾಯಾ? ಇದು ಹೆರವರ ಮನಿ ಸಾಮಾನ. ಒಯ್ಯಾಕ ಯಾರೂ ಬಂದಿಲ್ಲ, ಅದಕ್ಕ ಇನ್ನೂ ನಮ್ಮಲ್ಲೇ ಬಿದ್ದೈತಿ. ಇದಕ್ಕೊಂದು ಸೀಟ ದಂಡ!"

ಮಹಾವೀರ ಹೀಗಂದದ್ದು ಸ್ವಂತ ತಂಗಿಯ ಬಗ್ಗೆ. ಅದೂ ನಿಪ್ಪಾಣಿಯಲ್ಲಿ, ಹಳೆ ಕಾರು ಮಾರುವ ಅಂಗಳದಲ್ಲಿ, ಹತ್ತು ಮಂದಿಯ ಎದುರು.

ಚಹಾ ಕುಡಿಯುತ್ತಿದ್ದವರು ನಕ್ಕರು. ನಗುವವರಿಗೇನು? ನಗು ಪುಕ್ಕಟೆ.

ಸುಗಂಧಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಪ್ಪ ಜಿನ್ನಪ್ಪ ಬಾಯಿ ಬಿಡುತ್ತಾನೇನೋ ಎಂದು ನೋಡಿದಳು. ಅವನು ಯಾವುದೋ ಗಾಡಿಯ ಟೈರು ಒತ್ತಿ ನೋಡುತ್ತಿದ್ದ.

ನಗದೇ ಇದ್ದವನು ಒಬ್ಬನೇ. ಗಾಡಿ ಮಾರುವ ಹುಡುಗ, ಪಾರಿಸ.

"ಕಾಕಾ, ಮನ್ಯಾಗ ಎಷ್ಟ ಮಂದಿ ಅಂದ್ರಿ?" ಎಂದು ಅವನು ಜಿನ್ನಪ್ಪನನ್ನು ಮತ್ತೆ ಕೇಳಿದ.

"ಏಳ ಅಂದ್ನೆಲ್ಲ!" ಮಹಾವೀರನೇ ಗುಡುಗಿದ.

ಪಾರಿಸ ಸುಗಂಧಾಳ ಕಡೆ ಒಮ್ಮೆ ನೋಡಿದ. ಒಂದೇ ಒಂದು ಸಲ!

"ನಾ ಎಂಟ ಎಣಿಸೇನ್ರಿ" ಎಂದ, ಮೆಲ್ಲಗೆ.

ಸುಗಂಧಾ ಸೆರಗಿನ ತುದಿ ಬಿಟ್ಟು ತಲೆ ಎತ್ತಿದಳು. ನನ್ನನ್ನೂ ಎಣಿಸುವವರು ಇದ್ದಾರೆಯೇ...?

ತೊಂಬತ್ತೈದರ ಚಳಿಗಾಲ ಅದು. ಭೋಜದ ಜಿನ್ನಪ್ಪನ ಮನೆಗೆ ಕಾರು ಬೇಕಾಗಿದ್ದು ಶೋಕಿಗಲ್ಲ, ಆಯಿಗಾಗಿ. ಆಯಿ ಎಂದರೆ ಜಿನ್ನಪ್ಪನ ತಾಯಿ, ಜಿನಮತಿ. ಅವಳ ಎಡ ಮಂಡಿ ಮಡಚುತ್ತಿರಲಿಲ್ಲ. ಬಸ್ಸು ಹತ್ತುವುದು ನಿಂತು ವರ್ಷಗಳಾಗಿದ್ದವು. ತವನಿಧಿಯ ಬಸದಿಗೆ ಹೋಗಬೇಕು, ಅದೂ ಮನೆಮಂದಿಯೆಲ್ಲ ಕೂಡಿ ಹೋಗಬೇಕು ಎಂಬುದು ಅವಳ ಹಟ.

ಬಾಡಿಗೆ ಕಾರು ತಂದಾಗಲೆಲ್ಲ ಜಾಗ ಸಾಲದು. ಆಗ ಸುಗಂಧಾ ಬಾಗಿಲಲ್ಲಿ ನಿಂತು, "ನಾ ಮನ್ಯಾಗ ಇರ್ತೀನಿ, ಎಮ್ಮಿ ಹಿಂಡೋದೈತಿ" ಎನ್ನುತ್ತಿದ್ದಳು. ಕಾರು ತಿರುವು ದಾಟುವವರೆಗೂ ನಗುತ್ತಲೇ ನಿಲ್ಲುತ್ತಿದ್ದಳು. ನೋಡಲು ಬಂದ ನಾಲ್ಕಾರು ವರಗಳು ಚಹಾ ಕುಡಿದು ಹೋದ ಮೇಲಂತೂ ಅವಳನ್ನು "ಬರ್ತೀಯೇನ?" ಎಂದು ಕೇಳುವುದೂ ನಿಂತಿತ್ತು.

ಆ ದಿನ ಅಂಗಳದಲ್ಲಿ ಮೂರು ಗಾಡಿ ನೋಡಿದರು. ಮಹಾವೀರನ ಕಣ್ಣು ಕೆಂಪು ಬಣ್ಣದ ಸಣ್ಣ ಕಾರಿನ ಮೇಲೆ.

"ಎಣ್ಣಿ ಕಡಿಮಿ ಕುಡಿತೈತಿ ಖರೆ. ಆದ್ರ ನಿಮ್ಮ ಆಯಿ ಕಾಲ ಚಾಚಿದ್ರ ಉಳದವರು ಟಪ್ಪದ ಮ್ಯಾಲ ಕುಂಡ್ರಬೇಕು" ಎಂದ ಪಾರಿಸ.

"ಆ ದೊಡ್ಡದು?" ಜಿನ್ನಪ್ಪ ಕೇಳಿದ.

"ಜಾಗ ಭರಪೂರ ಐತ್ರಿ ಕಾಕಾ. ಡಿಸೇಲಿನದು. ಆದ್ರ ನಿಮ್ಮ ಕಿಸೆಕ್ಕ ಭಾರ."

ಉಳಿದದ್ದು ಬಿಳಿ ವ್ಯಾನು. ಎಂಟು ಸೀಟಿನದು. ಮಹಾವೀರ ಮೂಗು ಮುರಿದ. "ಇದೇನ ಗಾಡಿಯೋ, ಬ್ರೆಡ್ಡಿನ ಡಬ್ಬಿಯೋ?"

"ಬ್ರೆಡ್ಡಿನ್ಯಾಗ ಎಲ್ಲಾರಿಗೂ ಪಾಲು ಸಿಗತೈತಿ ಅಲ್ಲರಿ" ಎಂದ ಪಾರಿಸ.

ಸುಗಂಧಾ ನಗು ತಡೆದುಕೊಂಡಳು.

ಜಿನ್ನಪ್ಪ ಮಾತ್ರ ಮಾತಿಗೆ ಬೀಳುವವನಲ್ಲ. "ಮಾರೋವ್ರೆಲ್ಲಾ ಹಂಗ ಹೇಳ್ತಾರ. ಬಾಟ್ಲಿ ಕಟ್ಟಿ ತೋರ್ಸು. ಲೀಟರ್ ಎಣ್ಣಿಯಾಗ ನಿಪ್ಪಾಣಿ ಪಂಪಿನಿಂದ ಭೋಜದ ತನಕ ಬಂದ್ರ ಗಾಡಿ ನಂದು."

ಬಾಟಲಿ ಕಟ್ಟುವುದೆಂದರೆ ಟಾಕಿಯ ನಳಿಗೆ ಬಿಚ್ಚಿ, ಅಳೆದ ಒಂದು ಲೀಟರಿನ ಮೇಲೆ ಗಾಡಿ ಓಡಿಸುವುದು. ಗಾಡಿ ಎಲ್ಲಿ ನಿಂತಿತೋ ಅಲ್ಲಿಗೆ ಅದರ ಬಂಡವಾಳ ಬಯಲು.

"ಖಾಲಿ ಗಾಡಿ ತಿರುಗ್ಸಿ ಎಣ್ಣಿ ಯಾಕ ಸುಡೋದು? ಆಯಿನ್ನ ತವನಿಧಿಗೆ ಕರಕೊಂಡ ಹೋಗಿ, ಬರೂಮುಂದ ಕಟ್ಟೂಣು" ಎಂದ ಜಿನ್ನಪ್ಪ. ಒಂದು ಖರ್ಚಿಗೆ ಎರಡು ಕೆಲಸ ಆಗದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

ರವಿವಾರ ಮಧ್ಯಾಹ್ನ ವ್ಯಾನು ಮನೆ ಮುಂದೆ ಬಂದು ನಿಂತಿತು.

ಸುಗಂಧಾ ಹಸಿರು ಸೀರೆ ಉಟ್ಟಿದ್ದಳು. ಎಮ್ಮೆಯನ್ನು ಪಕ್ಕದ ಲಕ್ಕವ್ವನಿಗೆ ಒಪ್ಪಿಸಿದ್ದಳು. ಎಂಟು ಸೀಟು! ಇವತ್ತು ಬಾಗಿಲಲ್ಲಿ ನಿಲ್ಲುವುದಿಲ್ಲ ನಾನು...

ಹಿಂದಿನ ಬಾಗಿಲು ಸರಿದಾಗ ಒಳಗೆ ಇಣುಕಿದಳು.

ನಡುವಿನ ಸಾಲಿನಲ್ಲಿ ಒಂದು ಸೀಟು ಇರಲಿಲ್ಲ. ಬೋಲ್ಟು ಕಿತ್ತ ತೂತುಗಳು ಮಾತ್ರ ಇದ್ದವು.

ಏಳು!

ಅವಳ ಕಣ್ಣು ಮಂಜಾಯಿತು. ಅಣ್ಣ ಬಾಯಲ್ಲಿ ಅಂದ. ಇವನು ಪಾನಾ ಹಿಡಿದು ಬೋಲ್ಟು ಬಿಚ್ಚಿ ಕಿತ್ತೇಬಿಟ್ಟ! ಎಂಟು ಎಣಿಸಿದ್ದೇನೆ ಅಂದದ್ದು ಬರೀ ವ್ಯಾಪಾರದ ಬಣ್ಣವೇ...?

"ಬರ್ರಿ" ಎಂದು ಪಾರಿಸ ಮುಂದೆ ಬಂದ.

"ನನಗ ಕೆಲಸ ಐತಿ" ಎಂದು ಅವಳು ಒಳಗೆ ನಡೆದಳು.

ಅವನು ಹಾರ್ನ್ ಬಾರಿಸಿದ. ಮತ್ತೆ ಬಾರಿಸಿದ. "ಆಕಿ ಬರೂದಿಲ್ಲೋ, ಹೊಂಡು!" ಎಂದ ಮಹಾವೀರ.

ಹೊರಡುವಾಗ ಜಿನ್ನಪ್ಪ ಪೆಟ್ರೋಲಿನ ಡಬ್ಬಿಯನ್ನು ಗಾಡಿಯಿಂದ ಇಳಿಸಿ ಕಟ್ಟೆಯ ಮೇಲಿಟ್ಟ. "ಡಬ್ಬಿ ಜೋಡಿ ಇದ್ರ ನೀ ನಡಕ ಸುರುವಿದ್ರ ನನಗೇನ ತಿಳೀತೈತಿ? ಇದು ಇಲ್ಲೇ ಇರ್ಲಿ."

ಪಾರಿಸ ಗಾಡಿ ಚಾಲೂ ಮಾಡಿದ.

ಹೊತ್ತು ಇಳಿಯತೊಡಗಿತು. ಕಬ್ಬಿನ ಗರಿಗಳ ತುದಿ ಕೆಂಪಾಯಿತು. ಸುಗಂಧಾ ಆಯಿಯ ರೊಟ್ಟಿ, ಹೆಸರುಬೇಳೆ ಪಲ್ಯ ಮಾಡಿಟ್ಟು ಬಾಗಿಲಿಗೆ ಬಂದು ನಿಂತಳು.

ವ್ಯಾನು ಬರಲಿಲ್ಲ.

ಆಯಿಗೆ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪದ ನೇಮ ಅದು. ಬೆಳಗ್ಗೆ ಒಂದು ಹಿಡಿ ಚುರುಮುರಿ ತಿಂದದ್ದಷ್ಟೇ, ಮಧ್ಯಾಹ್ನ ಹಾಗೇ ಹೋಗಿದ್ದಾಳೆ. ಈಗ ಮುಳುಗಿದರೆ ನಾಳೆ ಸೂರ್ಯ ಕಾಣುವವರೆಗೂ ಉಪವಾಸ... ಈ ವಯಸ್ಸಿನಲ್ಲಿ!

ಅಷ್ಟರಲ್ಲಿ ದಾರಿಯಲ್ಲಿ ಯಾರೋ ಓಡಿ ಬರುತ್ತಿದ್ದರು. ಪಾರಿಸ! ಅಂಗಿಯೆಲ್ಲ ಬೆವರು.

"ಡಬ್ಬಿ... ಡಬ್ಬಿ ಕೊಡ್ರಿ. ಊರ ಸೀಮಿಕಲ್ಲಿನ ಹತ್ರ ಗಾಡಿ ನಿಂತೈತಿ. ಎಣ್ಣಿ ತೀರಿತು, ಟಾಕ್ಯಾಗೂ ಹನಿ ಇಲ್ಲ."

"ಆಯಿ ಊಟ?" ಅವಳು ಚೀರಿದಳು. "ನಿಮ್ಮ ಬಾಟ್ಲಿ ಹಾಳಾಗ್ಲಿ! ನಮ್ಮ ಆಯಿ ಉಪಾಸ ಇರ್ಬೇಕೇನ್ರಿ ನಿಮ್ಮ ವ್ಯಾಪಾರಕ್ಕ?"

ಬಾಟಲಿ ಯಾರ ಹಟ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. "ಊಟ ಕಟ್ರಿ ಲಗೂನ. ಇನ್ನೂ ಹೊತ್ತೈತಿ" ಎಂದ.

ಅವಳು ಊಟದ ಡಬ್ಬಿ ತುಂಬಿದಳು. ಅವನ ಕೈಯಲ್ಲಿ ಎಣ್ಣೆಯ ಡಬ್ಬಿ, ಅವಳ ಕೈಯಲ್ಲಿ ರೊಟ್ಟಿ. ಇಬ್ಬರೂ ಕಬ್ಬಿನ ನಡುವಿನ ಕಾಲುದಾರಿ ಹಿಡಿದು ಓಡಿದರು. ಎದುರಿಗೆ ಸೂರ್ಯ, ತಾಮ್ರದ ಪರಾತದಂತೆ ಇಳಿಯುತ್ತಿದ್ದ.

"ಯಾಕ ಬರಲಿಲ್ರಿ ನೀವು?" ಓಡುತ್ತಲೇ ಕೇಳಿದ ಅವನು.

"ಎಲ್ಲೆ ಕುಂಡ್ರಲಿ? ಸೀಟ ನೀವ ಕಿತ್ತೀರಲ್ಲ!"

ಅವನು ಗಕ್ಕನೆ ನಿಂತ. ಏನೋ ಹೇಳಲು ಹೋಗಿ, ಸೂರ್ಯನನ್ನು ನೋಡಿ ಮತ್ತೆ ಓಡಿದ. "ನಡೀರಿ. ನಿಮ್ಮ ಕಣ್ಣಲೇ ನೋಡೀರಂತ."

ಸೀಮೆಕಲ್ಲು ದಾಟಿ ಊರ ಕಡೆಗೆ, ಈಚೆ ವ್ಯಾನು ನಿಂತಿತ್ತು. ಬಾಗಿಲು ತೆರೆದಿತ್ತು. ಹಿಂದಿನ ಸೀಟಿನಲ್ಲಿ ಆಯಿ ಮಹಾರಾಣಿಯಂತೆ ಕುಳಿತಿದ್ದಳು. ಮಡಚದ ಆ ಎಡಗಾಲು ನೆಟ್ಟಗೆ ಮುಂದಕ್ಕೆ ಚಾಚಿತ್ತು. ಸೀಟು ಕಿತ್ತ ಜಾಗದಲ್ಲಿ!

ಸುಗಂಧಾ ಆ ಕಾಲನ್ನೂ ಬೋಲ್ಟಿನ ತೂತುಗಳನ್ನೂ ನೋಡಿದಳು. ದೇವರೇ... ಇದಕ್ಕಾಗಿಯೇ?

"ತಾ ಇಲ್ಲೆ, ಹೊತ್ತ ಮುಳಗತೈತಿ" ಎಂದು ಆಯಿ ಡಬ್ಬಿ ಎಳೆದುಕೊಂಡಳು. ಎಲ್ಲರೂ ನಿಂತು ನೋಡಿದರು. ಆಯಿ ಕೊನೆಯ ತುತ್ತು ನುಂಗಿ, ನೀರು ಕುಡಿದು, ಕೈಮುಗಿದಳು. ಆಮೇಲೆ ಸೂರ್ಯ ಮುಳುಗಿದ.

"ಗಾಡಿ ಮನಿ ತನಕ ಮುಟ್ಟಲಿಲ್ಲ" ಎಂದ ಜಿನ್ನಪ್ಪ, ಗಂಟಲು ಸರಿಮಾಡಿಕೊಂಡು. "ಮಾತಂದ್ರ ಮಾತು."

"ಏ ಜಿನ್ನಾ!" ಆಯಿ ಗದರಿದಳು. "ಭೋಜದ ತನಕ ಅಂದಿ. ನಮ್ಮ ಅಡಗಿಮನಿ ತನಕ ಅಂದಿಯೇನ? ಸೀಮಿಕಲ್ಲ ಹಿಂದ ಐತಿ ನೋಡು. ನಾ ಅಂತೂ ಈ ಗಾಡಿ ಬಿಟ್ಟ ಇಳಿಯಾಕಿ ಅಲ್ಲ. ಬೇಕಾದ್ರ ನನ್ನನ್ನೂ ಇವನ ಅಂಗಳಕ್ಕ ಮಾರು!"

ಮಹಾವೀರನ ಹೆಂಡತಿ ಮಂಗಲ ಬಾಯಿಗೆ ಸೆರಗು ಹಿಡಿದು ನಕ್ಕಳು. ಜಿನ್ನಪ್ಪನೂ ನಕ್ಕ. ಗಾಡಿ ಮನೆಯದಾಯಿತು.

ಆಯಿ ಮೊಮ್ಮಗಳನ್ನು ಹತ್ತಿರ ಕರೆದಳು. "ಈ ಹುಡುಗ ಭಾಳ ಸುಳ್ಳ ಹೇಳ್ತಾನಬೇ. ಮುಂದಿನ ಸೀಟ ಹೋಗೂಮುಂದೂ ಖಾಲಿ, ಬರೂಮುಂದೂ ಖಾಲಿ. ನಿಮ್ಮಪ್ಪ ಕುಂಡ್ರಾಕ ಹೋದ್ರ, 'ಕಾಕಾ, ಆ ಸೀಟ ಸಡಿಲ ಐತ್ರಿ' ಅಂದ. ನಿಮ್ಮಣ್ಣ ಹೋದ್ರೂ ಅದ! ಇವರೆಲ್ಲಾ ಹಿಂದ ನಿಮ್ಮಣ್ಣನ ಹುಡುಗರನ್ನ ತೊಡಿ ಮ್ಯಾಲ ಹಾಕ್ಕೊಂಡು ಇಕ್ಕಟ್ಟಿನ್ಯಾಗ ಬಂದ್ರು."

ಸುಗಂಧಾ ತಿರುಗಿ ನೋಡಿದಳು. ಪಾರಿಸ ಬಗ್ಗಿ ಎಣ್ಣೆ ಸುರಿಯುತ್ತಿದ್ದ. ಕಿವಿಗಳು ಮಾತ್ರ ಕೆಂಪಾಗಿದ್ದವು.

"ಹುಡುಗಾ" ಎಂದಳು ಆಯಿ, "ನಾಳೆ ನಿಮ್ಮ ಹಿರೇರನ್ನ ನಮ್ಮ ಮನಿಗೆ ಕಳಸು. ಹಗಲ ಇದ್ದಾಂಗ ಬರ್ಲಿ, ಊಟ ಮಾಡ್ಸಬೇಕು."

ಮಹಾವೀರ ತಲೆ ಕೆರೆದುಕೊಂಡು ಹಿಂದೆ ಹತ್ತಿ ಕುಳಿತ.

ಸುಗಂಧಾ ಪಾರಿಸನ ಬಳಿಗೆ ಹೋದಳು. ಬೈದದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆಯೇ.

"ನಿಮ್ಮ ಎಣಿಕಿ ಒಳಗ ನಾ ಇನ್ನೂ ಅದೀನೇನ್ರಿ?"

"ಅವತ್ತ ಎಲ್ಲಾರಕಿಂತ ಮೊದಲ ನಿಮ್ಮನ್ನ ಎಣಿಸೀನ್ರಿ" ಎಂದ ಅವನು, ತಲೆ ಎತ್ತದೆ. "ನೀವು ಇದ್ದಿದ್ದು ನೋಡೇ ಉಳಿದವರನ್ನ ಎಣಿಸಿದೆ."

ಅವಳ ಕಣ್ಣುಗಳು ತುಂಬಿ ಬಂದವು... ಅಳು ನುಂಗಿ, ತುಂಟಿಯಾಗಿ ಕೇಳಿದಳು: "ಹಂಗಾದ್ರ ಆ ಸೀಟ ಖರೇನ ಸಡಿಲ ಐತೇನ್ರಿ?"

ಪಾರಿಸ ಖಾಲಿ ಡಬ್ಬಿಯ ಮುಚ್ಚಳ ತಿರುವಿದ. ವ್ಯಾನಿನ ಮುಂದಿನಿಂದ ಸುತ್ತಿ ಹೋಗಿ, ಎಡಗಡೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟ. ಹಿಂತಿರುಗಿ ನೋಡದೆ ತನ್ನ ಬಾಗಿಲ ಕಡೆಗೆ ನಡೆದುಹೋದ.

ಸುಗಂಧಾ ಹತ್ತಿ ಕುಳಿತಳು. ಸೀಟು ಒಂದಿಷ್ಟೂ ಅಲುಗಲಿಲ್ಲ.